ನಲವತ್ತೊಂದು ಜೋಡಿ

ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡ್ ದಾಟಿ ಬ್ರಹ್ಮಸಮುದ್ರದ ರಸ್ತೆಗೆ ತಿರುಗಿದರೆ ಎಡಗಡೆಗೆ ಆದಿನಾರಾಯಣನ ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಕೈ ಒಳ್ಳೆಯದು, ಬಾಯಿ ಮಾತ್ರ ಬಹಳ ಬಿಗಿ. ಗಿರಾಕಿ ಹತ್ತು ಮಾತಾಡಿದರೆ ಇವನದು ‘ಹೂಂ’ ಒಂದು, ‘ಶುಕ್ರವಾರ ಬಾ’ ಇನ್ನೊಂದು. ಹೆಂಡತಿಯ ಹತ್ತಿರವೂ ಅಷ್ಟೇ, ಶುಕ್ರವಾರ ಬಾ ಎನ್ನುತ್ತಿರಲಿಲ್ಲ ಎನ್ನುವುದೊಂದೇ ವ್ಯತ್ಯಾಸ.

ಅಂಗಡಿಯ ಹಿಂದೆಯೇ ಮನೆ. ಮನೆಯ ಮಾಳಿಗೆಯ ಮೇಲೆ ಅವನ ದುರ್ಬೀನು. ಕೊಂಡು ತಂದದ್ದಲ್ಲ, ಕಟ್ಟಿದ್ದು. ಬೆಂಗಳೂರಿನಿಂದ ಆರಿಂಚಿನ ಕನ್ನಡಿಯೊಂದನ್ನು ತರಿಸಿ, ಬೋರ್‌ವೆಲ್ಲಿಗೆ ಇಳಿಸುವ ಕೇಸಿಂಗ್ ಪೈಪಿನ ತುಂಡಿನೊಳಗೆ ಕೂರಿಸಿ, ಹಳೆಯ ಮೋಟಾರಿನ ಬೇರಿಂಗಿನ ಮೇಲೆ ತಿರುಗುವಂತೆ ಮಾಡಿದ್ದ. ಅದನ್ನು ಮೊದಲ ಸಲ ಕಂಡಾಗ ಬ್ರಹ್ಮಸಮುದ್ರದ ಗಿರಾಕಿ ಈರಲಿಂಗಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

“ಭೂಮೀಲಿ ನೀರು ಸಿಗಲ್ಲ ಅಂತ ಆಕಾಶಕ್ಕೇ ಬೋರ್ ಹಾಕ್ಬುಟ್ಟೆ ಏನಪ್ಪಾ? ಎನ್ನಿ ಅಡುಗುಲು ದಿಗಿಂದಿ?”

ಎಷ್ಟು ಅಡಿ ಇಳಿಯಿತು ಎಂಬ ಆ ಪ್ರಶ್ನೆಗೆ ಆದಿನಾರಾಯಣ “ಇನ್ನೂ ಇಳೀತೈತೆ” ಎಂದಷ್ಟೇ ಹೇಳಿದ. ಊರೆಲ್ಲ ಅದನ್ನು ಮೇಲಿನ ಬೋರು ಎಂದೇ ಕರೆಯತೊಡಗಿತು.

ಎಲ್ಲರೂ ಚಂದ್ರನ ಗುಳಿ, ಶನಿಯ ಬಳೆ ನೋಡುತ್ತಾರೆ. ಇವನಿಗೆ ಹಿಡಿಸಿದ್ದು ಜೋಡಿ ನಕ್ಷತ್ರಗಳು. ಬರಿಗಣ್ಣಿಗೆ ಒಂದೇ ಎಂದು ಕಾಣುವ ಚುಕ್ಕೆ, ದುರ್ಬೀನಿನಲ್ಲಿ ನೋಡಿದರೆ ಎರಡು. ನಡುವೆ ಎಷ್ಟು ಅಂತರ, ಒಂದು ಇನ್ನೊಂದರ ಯಾವ ದಿಕ್ಕಿಗಿದೆ ಎಂದು ಅಳೆದು ಬರೆದಿಡಬೇಕು. ಹತ್ತು ವರ್ಷ, ಇಪ್ಪತ್ತು ವರ್ಷ ಬಿಟ್ಟು ಮತ್ತೆ ಅಳೆದರೆ ಅಂತರ ಬದಲಾಗಿದ್ದರೂ ಇರಬಹುದು. ಆಗ ಅವು ಒಂದನ್ನೊಂದು ಸುತ್ತುತ್ತಿವೆ ಎಂದು ಗೊತ್ತಾಗುತ್ತದೆ. ಅಷ್ಟು ಕಾಯುವ ತಾಳ್ಮೆ ಯಾರಿಗಿದೆ? ಆದಿನಾರಾಯಣನಿಗಿತ್ತು. ಅವನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಒಂದು ನಿಯಮ ಬರೆದಿತ್ತು: ಎರಡು ಚುಕ್ಕೆಗಳ ನಡುವೆ ಇಷ್ಟು ಅಂತರವಾದರೂ ಇರದಿದ್ದರೆ ಎಂಥ ಕಣ್ಣಿಗೂ ಅವು ಬೇರೆಯಾಗಿ ಕಾಣುವುದಿಲ್ಲ. ಈ ನಿಯಮವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಬರೆದಿಟ್ಟವನು ಮರೆತ.

ಹೆಂಡತಿ ಶಿವಗಂಗಾ ಹಿಂದೂಪುರದವಳು. ತವರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಕುದಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ ತೆಗೆಯುವುದನ್ನು ಎಂಟನೇ ವಯಸ್ಸಿಗೇ ಕಲಿತಿದ್ದಳು. ಬೇರೆಯವರಿಗೆ ಕಾಣದ ಎಳೆ ಅವಳ ಬೆರಳಿಗೆ ಸಿಗುತ್ತಿತ್ತು. ದುರ್ಬೀನಿನಲ್ಲಿ ಅಳತೆ ಮಾಡಲು ಕಣ್ಣಿಡುವ ಮಸೂರದೊಳಗೆ ಅಡ್ಡ ಒಂದು, ಉದ್ದ ಒಂದು ಸಣ್ಣ ಗೆರೆ ಬೇಕಾದಾಗ ಆದಿನಾರಾಯಣ ತನ್ನಲ್ಲಿದ್ದ ತೀರ ತೆಳ್ಳನೆಯ ತಂತಿ ಹಾಕಿ ನೋಡಿದ. ಅದು ನಕ್ಷತ್ರವನ್ನೇ ನುಂಗಿತು. ಶಿವಗಂಗಾ ಒಂದು ಗೂಡಿನಿಂದ ಒಂಟಿ ಎಳೆ ತೆಗೆದು, ಉಸಿರು ಬಿಗಿಹಿಡಿದು, ಅಂಟು ಹಚ್ಚಿ ಕೂರಿಸಿಕೊಟ್ಟಳು. ಹದಿನಾಲ್ಕು ವರ್ಷವಾದರೂ ಅದು ಜಗ್ಗಿರಲಿಲ್ಲ.

ಅದು ಬಿಟ್ಟರೆ ಅವಳಿಗೂ ಮಾಳಿಗೆಗೂ ಅಷ್ಟಕ್ಕಷ್ಟೇ. ಅವನು ಮೇಲೆ, ಅವಳು ಕೆಳಗೆ ಧಾರಾವಾಹಿಯ ಮುಂದೆ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಮಾತಾಡುವುದನ್ನು ಇಬ್ಬರೂ ಎಂದೋ ಬಿಟ್ಟಿದ್ದರು, ಅದರ ಜೊತೆಗೆ ಉಳಿದ ಮಾತುಗಳೂ ಒಂದೊಂದಾಗಿ ಉದುರಿದ್ದವು. ಜಗಳವಿಲ್ಲ, ಕೊರತೆಯಿಲ್ಲ. ಇಪ್ಪತ್ತಾರು ವರ್ಷ ಹಾಗೇ ಕಳೆದಿತ್ತು.

ಡಿಸೆಂಬರ್ ನಡುವಿನ ಒಂದು ಸಂಜೆ ಕರೆಂಟು ಹೋಯಿತು. ಧಾರಾವಾಹಿ ನಿಂತಿತು. ಶಿವಗಂಗಾ ಸೆರಗು ಹೊದ್ದು ಮಾಳಿಗೆ ಹತ್ತಿ ಬಂದು, ಪೂರ್ವದಲ್ಲಿ ಆಗತಾನೇ ಮೇಲೆ ಬಂದಿದ್ದ ಪುನರ್ವಸುವಿನ ಎರಡು ನಕ್ಷತ್ರಗಳ ಕಡೆ ನೋಡುತ್ತ ನಿಂತಳು.

“ಆ ಮ್ಯಾಲಿನದು ಜೋಡಿ ಅಲ್ವಾ?” ಎಂದಳು. “ಪಕ್ಕದಲ್ಲಿ ಇನ್ನೊಂದು ಅಂಟ್ಕಂಡಂಗೈತೆ.”

ಆದಿನಾರಾಯಣ ದುರ್ಬೀನಿನಿಂದ ಕಣ್ಣು ತೆಗೆದ. ಅದು ನಿಜವಾಗಿಯೂ ಜೋಡಿಯೇ. ಆದರೆ ದುರ್ಬೀನಿಗೆ ಮಾತ್ರ ಕಾಣುವ ಜೋಡಿ. ಅವಳಿಗೆ ಅವನು ಎಂದೂ ಹೇಳಿರಲಿಲ್ಲ. ದುರ್ಬೀನು ತಿರುಗಿಸಿ ನೋಡಿದ, ಎರಡು ಬಿಳಿಯ ಚುಕ್ಕೆ ರೇಷ್ಮೆ ಗೆರೆಯ ಆಚೆ ಈಚೆ ಕೂತಿದ್ದವು. ಬರಿಗಣ್ಣಿಗೆ ಬೇಕಾದ ಅಂತರದ ಹತ್ತನೇ ಒಂದು ಪಾಲೂ ಅವುಗಳ ನಡುವೆ ಇರಲಿಲ್ಲ. ಲೆಕ್ಕ ಗೊತ್ತಿತ್ತು, ನಿಯಮ ಮೊದಲ ಪುಟದಲ್ಲೇ ಇತ್ತು. ಆದರೂ ಅವನ ಮನಸ್ಸು ಕುಣಿಯಿತು: ಕುದಿನೀರಿನಲ್ಲಿ ಎಳೆಯ ತುದಿ ಕಂಡ ಕಣ್ಣು, ಇದಕ್ಕೆ ನಿಯಮ ಹೇಳುವುದಕ್ಕೆ ನಾನ್ಯಾರು?

“ನಿನ್ನ ಕಣ್ಣು ಕಣ್ಣಲ್ಲ ಕಣೇ,” ಎಂದ. “ಇನ್ನೂ ನೋಡು. ಬೇರೆ ಯಾವುದು ಜೋಡಿ ಕಾಣ್ತೈತೆ ಹೇಳು.”

ಆ ಸಂಜೆ ಅವಳು ರೋಹಿಣಿಯನ್ನೂ ಜೋಡಿ ಎಂದಳು. ಅವನು ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ಮನೆ ಎಳೆದ. ದಿನಾಂಕ, ನಕ್ಷತ್ರ, ಅಂತರ, ದಿಕ್ಕು, ನೋಡಿದವರು. ಅಂತರಕ್ಕೆ ಅವಳದೇ ಅಳತೆ. ಎಳ್ಳುಕಾಳಿನಷ್ಟು ಎಂದಳು, ಹಾಗೇ ಬರೆದ. ನೋಡಿದವರು ಎಂಬ ಮನೆಯಲ್ಲಿ ಪೂರ್ತಿ ಹೆಸರು ಬರೆದ: ಶಿವಗಂಗಾ.

ಅಲ್ಲಿಂದ ದಿನಾ ಸಂಜೆ ಅದೇ ಕೆಲಸ. ಅಂಗಡಿಯ ಬಾಗಿಲು ಅರ್ಧ ಗಂಟೆ ಮೊದಲೇ ಮುಚ್ಚತೊಡಗಿತು. ಅವಳಿಗೆಂದು ಬೆನ್ನೊರಗುವ ಕುರ್ಚಿ ಮಾಳಿಗೆ ಏರಿತು. ಫ್ಲಾಸ್ಕಿನಲ್ಲಿ ಕಾಫಿ ಅವನೇ ಕಾಸಿ ತರುತ್ತಿದ್ದ, ಸಕ್ಕರೆ ಸದಾ ಒಂದು ಚಮಚ ಜಾಸ್ತಿ. “ಇವತ್ತು ಯಾವುದು ಗಂಗಾ?” ಎನ್ನುತ್ತಿದ್ದ. ಅವಳು ಆಕಾಶದಲ್ಲಿ ಬೆರಳಾಡಿಸಿ ಹುಡುಕುತ್ತಿದ್ದಳು. ನಡುವೆ ಅವಳ ತವರಿನ ಮಾತು, ಅವನ ಅಪ್ಪನ ಎತ್ತಿನ ಮಾತು, ಮದುವೆಯಾದ ಹೊಸತರಲ್ಲಿ ಲೇಪಾಕ್ಷಿಗೆ ಹೋಗಿ ಬಸ್ಸು ತಪ್ಪಿಸಿಕೊಂಡ ಮಾತು. ಇಬ್ಬರೂ ನಗುವುದು ಪಕ್ಕದ ಮನೆಗೂ ಕೇಳುತ್ತಿತ್ತು. ಐವತ್ತು ದಾಟಿದ ಮೇಲೆ ಇದೇನು ಹೊಸ ಸಂಸಾರ ಎಂದು ಪಕ್ಕದ ಮನೆಯ ಪೋಲಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ರೋಹಿಣಿ ದುರ್ಬೀನಿನಲ್ಲಿ ಒಂದೇ ಕಂಡಿತ್ತು. ಆರಿದ್ರೆಯೂ ಒಂದೇ. ಬರಿಗಣ್ಣಿಗೆ ಕಂಡದ್ದು ದುರ್ಬೀನಿಗೆ ಕಾಣದೇ ಇರುತ್ತದೆಯೇ ಎಂದು ಐದನೇ ಕ್ಲಾಸಿನ ಮಗುವೂ ಕೇಳುತ್ತದೆ. ಅವನೂ ಕೇಳಿಕೊಂಡ. ಅವಳನ್ನೇ ಕೂರಿಸಿ ದುರ್ಬೀನಿನಲ್ಲಿ ನೋಡು ಎಂದ. ಅವಳು ಒಂದು ಕಣ್ಣು ಮುಚ್ಚಿ ನೋಡಿ, “ಇದ್ರಾಗೆ ಒಂದೇ ಕಾಣ್ತೈತೆ. ಹಂಗೇ ನೋಡಿದ್ರೆ ಎಲ್ಡು” ಎಂದಳು. ಒಂದು ಕಣ್ಣು ಮುಚ್ಚಿದಾಗ ಒಂದು, ಎರಡೂ ತೆರೆದಾಗ ಎರಡು. ಸತ್ಯ ಅವನ ಮುಂದೆ ಕುರ್ಚಿ ಹಾಕಿಕೊಂಡು ಕೂತಿತ್ತು. ಅವನು ಕನ್ನಡಿ ಮಸುಕಾಗಿದೆ ಎಂದು ತೀರ್ಮಾನಿಸಿ, ಬಿಚ್ಚಿ, ತೊಳೆದು, ಮತ್ತೆ ಕೂರಿಸಿದ. ಆಸೆಗೆ ಕಣ್ಣಿಲ್ಲ ಎನ್ನುತ್ತಾರೆ. ಇವನ ಆಸೆ ನಕ್ಷತ್ರದ್ದೋ ಅವಳ ಜೊತೆಯದೋ, ಅವನಿಗೇ ಗೊತ್ತಿರಲಿಲ್ಲ.

ಶಿವರಾತ್ರಿಯ ಜಾಗರಣೆಗೆ ಶಿವಗಂಗಳ ಅಕ್ಕ ಮುನಿಯಕ್ಕ ಹಿಂದೂಪುರದಿಂದ ಬಂದಳು. ಮೂವರೂ ಮಾಳಿಗೆಯ ಮೇಲೆ ಕೂತಿದ್ದಾಗ ಮುನಿಯಕ್ಕ ತಂಗಿಯ ಮುಖವನ್ನು ತುಸು ಹೊತ್ತು ದಿಟ್ಟಿಸಿದಳು.

“ಯಾಕೆ ಗಂಗಮ್ಮ, ಕತ್ತು ವಾರೆ ಮಾಡ್ಕಂಡು ನೋಡ್ತೀಯ? ತಲೆನೋವು ಅಂತಿದ್ದೆಯಲ್ಲ, ಡಾಕ್ಟ್ರ ತಾವ ಹೋಗಿದ್ದೇನೇ?”

“ಚಳಿಗೆ ಕಣಕ್ಕ. ಬೆಳಗ್ಗೆ ಹೊತ್ತು ಒಂದಿಷ್ಟು ಇರ್ತೈತೆ, ಆಮ್ಯಾಕೆ ಹೋಯ್ತೈತೆ.”

ಮುನಿಯಕ್ಕನಿಗೆ ಸಮಾಧಾನವಾಗಲಿಲ್ಲ. ಅವಳಿಗೆ ಗೊತ್ತಿದ್ದ ಪರೀಕ್ಷೆ ಒಂದೇ. ಹಿರಿಯರು ಹೇಳುತ್ತಾರಲ್ಲ, ಅರುಂಧತಿ ಕಾಣದವರಿಗೆ ಆರೇ ತಿಂಗಳು ಎಂದು. ಈಶಾನ್ಯದಲ್ಲಿ ಸಪ್ತರ್ಷಿಗಳು ಮೇಲೆ ಬಂದಿದ್ದರು. “ಅರುಂಧತಿ ಕಾಣ್ತಾಳೇನೇ?” ಎಂದು ಕೇಳಿಯೇಬಿಟ್ಟಳು.

ಶಿವಗಂಗಾ ನೋಡಿ ನಕ್ಕಳು. “ವಸಿಷ್ಠ, ಅರುಂಧತಿ ಇಬ್ರೇ ಅಲ್ಲಕ್ಕ, ನಾಲ್ಕು ಜನ ಅವ್ರೆ!”

“ನೋಡ್ದೇನಕ್ಕ?” ಆದಿನಾರಾಯಣ ಹೆಮ್ಮೆಯಿಂದ ಹೇಳಿದ. “ಕಾಣ್ದೇ ಇದ್ರೆ ಆರು ತಿಂಗ್ಳು. ನಾಲ್ಕು ಕಂಡ್ರೆ ನೂರು ವರ್ಷ. ನಿನ್ನ ತಂಗಿ ನಮ್ಮನ್ನೆಲ್ಲ ಸಾಗಹಾಕಿ ಹೋಯ್ತಾಳೆ.”

ಮೂವರೂ ನಕ್ಕರು. ಅವನು ಅದನ್ನೂ ಬರೆದುಕೊಂಡ: ಅರುಂಧತಿ, ನಾಲ್ಕು, ಅಂತರ ಅಕ್ಕಿಕಾಳು. ಯುಗಾದಿಗೆ ಇನ್ನೂ ವಾರವಿದೆ ಎನ್ನುವಾಗ ಪಟ್ಟಿ ನಲವತ್ತೊಂದಕ್ಕೆ ಬಂತು. ಅದರ ಫೋಟೋ ತೆಗೆದು ಬೆಂಗಳೂರಿನಲ್ಲಿ ನಕ್ಷತ್ರ ನೋಡುವ ಹವ್ಯಾಸಿಗಳ ಗುಂಪಿನ ಜಯಚಂದ್ರ ಎಂಬ ನಿವೃತ್ತ ಮೇಷ್ಟರಿಗೆ ಕಳಿಸಿದ. ಇವುಗಳನ್ನು ನಿಮ್ಮ ದೊಡ್ಡ ದುರ್ಬೀನಿನಲ್ಲಿ ಪರೀಕ್ಷಿಸಿ ಎಂದು ಕೇಳಿಕೊಂಡ. ಕೆಳಗೆ, ನೋಡಿದವರ ಹೆಸರು ತಪ್ಪದೆ ಹಾಕಬೇಕು ಎಂದೂ ಬರೆದ.

ಯುಗಾದಿಗೆ ಇಬ್ಬರೂ ಹಿಂದೂಪುರಕ್ಕೆ ಹೋದರು. ಹಬ್ಬದ ಮರುದಿನ ಚಂದ್ರದರ್ಶನ. ಪಡುವಣದಲ್ಲಿ ಉಗುರಿನಂಥ ಚಂದ್ರನನ್ನು ಹುಡುಕಿ ನೋಡಿ, ಹಿರಿಯರ ಕಾಲಿಗೆ ಬೀಳಬೇಕು. ಮುನಿಯಕ್ಕನ ಮಾಳಿಗೆಯ ಮೇಲೆ ಅಕ್ಕಪಕ್ಕದವರೆಲ್ಲ ನಿಂತು ಅಲ್ಲಿ ಇಲ್ಲಿ ಎನ್ನುತ್ತಿರುವಾಗ ಶಿವಗಂಗಾ ಎಲ್ಲರಿಗಿಂತ ಮೊದಲು ಕೈ ತೋರಿಸಿದಳು.

“ಅಗೋ, ಆ ವೈರಿನ ಮ್ಯಾಲೆ. ಈಟೀಟು ದಪ್ಪ, ಎಲ್ಡು.”

ಯಾರೋ ನಕ್ಕರು. ಆದಿನಾರಾಯಣ ನಗಲಿಲ್ಲ. ನಕ್ಷತ್ರ ಎರಡಿರಬಹುದು, ಚಂದ್ರ ಒಬ್ಬನೇ. ಅವನು ಆಕಾಶ ಬಿಟ್ಟು ಹೆಂಡತಿಯ ಕಡೆ ತಿರುಗಿದ. ಸಂಜೆಯ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಎಡಗಣ್ಣು ಮೂಗಿನ ಕಡೆಗೆ ಸರಿದು ನಿಂತಿತ್ತು. ಎಷ್ಟು ದಿನದಿಂದ ಹಾಗಿತ್ತೋ! ಅವಳ ಪಕ್ಕದಲ್ಲೇ ಕತ್ತಲೆಯಲ್ಲಿ ಕೂತು ಮೂರು ತಿಂಗಳು ಬರೀ ಆಕಾಶ ನೋಡಿದ್ದ.

ಮರುದಿನ ಬೆಳಗಿನ ರೈಲಿಗೆ ಬೆಂಗಳೂರು. ದೊಡ್ಡ ಆಸ್ಪತ್ರೆ, ಸ್ಕ್ಯಾನ್, ಮತ್ತೆ ಸ್ಕ್ಯಾನ್. ಮೆದುಳಿನ ಬುಡದಲ್ಲಿ ಗಡ್ಡೆ. ಕಣ್ಣನ್ನು ಹೊರಗಡೆಗೆ ಎಳೆಯುವ ನರವನ್ನು ಅದು ಒತ್ತಿದೆ, ಅದಕ್ಕೇ ದೂರದ್ದು ಎರಡು ಕಾಣುತ್ತದೆ, ಹತ್ತಿರದ ಸೂಜಿ ದಾರ ಸರಿಯಾಗಿ ಕಾಣುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು.

“ಎರಡೆರಡು ಕಾಣೋಕೆ ಶುರುವಾಗಿ ಎಷ್ಟು ದಿನ ಆಯ್ತು? ಅಂದಾಜು ಹೇಳಿ ಸಾಕು.”

ಅಂದಾಜು ಯಾಕೆ? ಆದಿನಾರಾಯಣ ಚೀಲದಿಂದ ನೋಟ್‌ಬುಕ್ ತೆಗೆದು ಕೊಟ್ಟ. ಡಾಕ್ಟರಮ್ಮ ಪುಟ ತಿರುಗಿಸಿದರು. ಡಿಸೆಂಬರಿನಲ್ಲಿ ಎಳ್ಳು. ಜನವರಿಯಲ್ಲಿ ಅಕ್ಕಿ. ಶಿವರಾತ್ರಿ ಕಳೆದ ಮೇಲೆ ಕಳ್ಳೆಬೀಜ. ಕೊನೆಯ ಮೂರು ಸಾಲುಗಳಲ್ಲಿ ಬೆರಳಿನಷ್ಟು. ದಿಕ್ಕಿನ ಮನೆಯಲ್ಲಿ ನಲವತ್ತೊಂದು ಸಲವೂ ಒಂದೇ ಪದ, ಅಡ್ಡಕ್ಕೆ. ನಿಜವಾದ ಜೋಡಿಗಳು ಆಕಾಶದಲ್ಲಿ ಒಂದೊಂದು ಒಂದೊಂದು ಕಡೆಗೆ ವಾಲಿರುತ್ತವೆ. ಹದಿನಾಲ್ಕು ವರ್ಷ ಅಳೆದವನಿಗೆ ಇದು ಕಾಣಲಿಲ್ಲವೇ? ಆ ಮೇಜಿನ ಮುಂದೆ, ತಲೆಕೆಳಗಾಗಿ ಓದುತ್ತಿದ್ದಾಗ ಕಂಡಿತು. ಅದು ನಕ್ಷತ್ರಗಳ ಪಟ್ಟಿಯಾಗಿರಲಿಲ್ಲ. ಗಡ್ಡೆ ಬೆಳೆದ ಲೆಕ್ಕವನ್ನು ತಾನೇ ಕೈಯಾರೆ, ಗೆರೆ ಎಳೆದು, ಸಂತೋಷದಿಂದ ಬರೆದಿದ್ದ.

“ಇಷ್ಟು ಚೆನ್ನಾಗಿ ಯಾರೂ ಬರೆದಿಟ್ಟಿದ್ದನ್ನ ನಾನು ನೋಡಿಲ್ಲ,” ಎಂದರು ಡಾಕ್ಟರಮ್ಮ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮೊದಲೇ ಬಂದಿದ್ದರೆ ಎಂದು ಅವನು ಕೇಳಿದ್ದಕ್ಕೆ, ಆಗಲೂ ಕಷ್ಟವೇ ಇರುತ್ತಿತ್ತೇನೋ, ಹೇಳಲಾಗದು ಎಂದರು. ಆ ‘ಹೇಳಲಾಗದು’ ಅವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು.

ವಾರ್ಡಿನಲ್ಲಿ ಅವಳ ಕಾಲ ಬಳಿ ಕೂತು ಅವನು ಅತ್ತ. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ.

“ನಿಂಗೆ ಒಂದಿಷ್ಟೂ ಅನುಮಾನ ಬರ್ಲಿಲ್ವೇನೇ ಗಂಗಾ?”

“ಬಂದಿತ್ತು. ಸಂಕ್ರಾಂತಿಗೆಲ್ಲ ರಸ್ತೇಲಿ ಬಸ್ಸೂ ಎಲ್ಡು ಕಾಣ್ತಿತ್ತು.”

“ಮತ್ತೆ ಹೇಳ್ಬಾರ್ದಾ?”

“ಹೇಳಿದ್ರೆ ನೀವು ಮಾಳಿಗೆಗೆ ಕರೀತಿರ್ಲಿಲ್ಲ. ಇಪ್ಪತ್ತಾರು ವರ್ಷದಾಗೆ ಅಷ್ಟು ಆಸೆಯಿಂದ ನೀವು ನನ್ನ ಏನೂ ಕೇಳಿರ್ಲಿಲ್ಲ ಕಣ್ರೀ. ಇವತ್ತು ಯಾವುದು ಗಂಗಾ ಅಂತಿದ್ರಲ್ಲ, ಅದನ್ನ ಬಿಡಾಕೆ ಮನಸ್ಸು ಬರ್ಲಿಲ್ಲ. ಚಳಿ ಹೋದ್ಮ್ಯಾಕೆ ಹೇಳಾನ ಅಂದ್ಕಂಡೆ.”

ಅವನು ಅವಳ ಪಾದ ಹಿಡಿದುಕೊಂಡು ಹಾಗೇ ಕೂತ.

ಗಡ್ಡೆಯನ್ನು ತೆಗೆಯಲಾಗಲಿಲ್ಲ. ಕಿರಣ ಕೊಟ್ಟರು, ಮಾತ್ರೆ ಕೊಟ್ಟರು. ಎರಡು ಕಾಣುವ ತೊಂದರೆ ತಪ್ಪಲೆಂದು ಎಡಗಣ್ಣಿಗೆ ಬಟ್ಟೆಯ ಪಟ್ಟಿ ಕಟ್ಟಿದರು. ಮೇ ತಿಂಗಳಲ್ಲಿ ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗೆಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಕಲ್ಯಾಣದುರ್ಗಕ್ಕೆ ಬಂದ ಮೂರನೇ ಸಂಜೆ ಅವಳೇ ಕೇಳಿದಳು, ಮೇಲಕ್ಕೆ ಕರ್ಕಂಡು ಹೋಯ್ತೀರಾ ಎಂದು. ಅವನು ಮಗುವಿನ ಹಾಗೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಅದೇ ಕುರ್ಚಿಯಲ್ಲಿ ಕೂರಿಸಿದ. ತೂಕವೇ ಇರಲಿಲ್ಲ.

ಉತ್ತರದಲ್ಲಿ ಸಪ್ತರ್ಷಿಗಳು ಚೆನ್ನಾಗಿ ಮೇಲೆ ಬಂದಿದ್ದರು. ಅವಳು ತೆರೆದಿದ್ದ ಒಂದು ಕಣ್ಣಿನಲ್ಲಿ ಆಕಾಶವನ್ನೆಲ್ಲ ನಿಧಾನವಾಗಿ ನೋಡಿದಳು. ಚಿತ್ತೆ ಒಂದು. ಸ್ವಾತಿ ಒಂದು. ಮಖೆ ಒಂದು.

“ಎಲ್ಲಾ ಒಂಟಿ ಆಗ್ಬುಟ್ಟವೆ ನೋಡಿ,” ಎಂದಳು. ಆಮೇಲೆ ಉತ್ತರಕ್ಕೆ ಬೆರಳು ಮಾಡಿದಳು. “ಅದೊಂದೇ ಇನ್ನೂ ಎಲ್ಡು ಐತೆ.”

“ಅದು ವಸಿಷ್ಠ, ಅರುಂಧತಿ ಕಣೇ. ಅದು ನಿಜವಾಗ್ಲೂ ಎರಡು.”

“ಒಂದ್ ಮಾತು ಹೇಳ್ಲಾ? ಮದುವೆ ದಿನ ಪುರೋಹಿತ್ರು ಛತ್ರದ ಹೊರಗೆ ನಿಲ್ಸಿ ಅರುಂಧತಿ ತೋರಿಸಿದ್ರಲ್ಲ, ಹಗಲು ಹತ್ತು ಗಂಟೇಲಿ. ಕಾಣ್ತೇನಮ್ಮಾ ಅಂದ್ರು. ಕಾಣ್ತು ಅಂದ್ಬುಟ್ಟೆ. ಏನೂ ಕಂಡಿರ್ಲಿಲ್ಲ.”

“ನಂಗೂ ಕಂಡಿರ್ಲಿಲ್ಲ.”

“ಮತ್ತೆ ನೀವೂ ಕಾಣ್ತು ಅಂದ್ರಿ?”

“ನೀನು ಅಂದ್ಯಲ್ಲ, ಅದಕ್ಕೇ ಅಂದೆ.”

ಅವಳು ನಕ್ಕಳು. ನಕ್ಕರೆ ತಲೆ ನೋಯುತ್ತಿತ್ತು, ಹಣೆ ಒತ್ತಿಕೊಂಡಳು. “ಇವತ್ತು ಮಾತ್ರ ನಿಜವಾಗ್ಲೂ ಕಾಣ್ತೈತೆ ಕಣ್ರೀ,” ಎಂದಳು. ಅವನು ನೋಟ್‌ಬುಕ್ ತಂದಿರಲಿಲ್ಲ. ಅವಳು ನಿದ್ದೆ ಬಂತು ಎನ್ನುವವರೆಗೂ ಕೈ ಹಿಡಿದುಕೊಂಡು ಅವಳ ಮುಖವನ್ನೇ ನೋಡುತ್ತಿದ್ದ.

ಆಷಾಢದಲ್ಲಿ ಶಿವಗಂಗಾ ತೀರಿಕೊಂಡಳು. ಶಿವರಾತ್ರಿಯಿಂದ ಲೆಕ್ಕ ಹಾಕಿದರೆ ಆರು ತಿಂಗಳು ತುಂಬಿರಲಿಲ್ಲ. ಮುನಿಯಕ್ಕ ಬೆರಳು ಮಡಿಸಿ ಎಣಿಸಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂಗಡಿಯಲ್ಲಿ ಮೋಟಾರುಗಳು ಸಾಲುಗಟ್ಟಿ ನಿಂತವು. ಈರಲಿಂಗಪ್ಪ ಬಂದವನು ತನ್ನ ಮೋಟಾರಿನ ಮಾತೆತ್ತದೆ ಬೆಂಚಿನ ಮೇಲೆ ಅರ್ಧ ದಿನ ಕೂತು ಎದ್ದು ಹೋದ.

ಶ್ರಾವಣದ ಎರಡನೇ ವಾರ ಜಯಚಂದ್ರ ಮೇಷ್ಟರ ಸಂದೇಶ ಬಂತು. ತಡವಾದದ್ದಕ್ಕೆ ಕ್ಷಮೆ ಕೇಳಿದ್ದರು. ಗುಂಪಿನವರು ತಿಂಗಳುಗಟ್ಟಲೆ ಶ್ರದ್ಧೆಯಿಂದ ಎಲ್ಲವನ್ನೂ ನೋಡಿದ್ದರು. ನಲವತ್ತೊಂದರಲ್ಲಿ ಪುನರ್ವಸು ಎಲ್ಲರಿಗೂ ಮೊದಲೇ ಗೊತ್ತಿರುವ ಜೋಡಿ. ವಸಿಷ್ಠ ಅರುಂಧತಿಯೂ ಸರಿ, ಆದರೆ ಬರಿಗಣ್ಣಿಗೆ ಕಾಣುವುದು ನಾಲ್ಕಲ್ಲ. ಉಳಿದ ಮೂವತ್ತೊಂಬತ್ತರಲ್ಲಿ ಒಂದಕ್ಕೂ ನೀವು ಬರೆದಂಥ ಜೊತೆ ಇಲ್ಲ. ದುರ್ಬೀನಿನಲ್ಲಿ ದೋಷವಿರಬೇಕು, ಇಲ್ಲವೇ ನೋಡಿದವರಿಗೆ ಅಭ್ಯಾಸ ಸಾಲದು, ಬೇಸರಪಟ್ಟುಕೊಳ್ಳಬೇಡಿ ಎಂದು ಸೌಜನ್ಯದಿಂದ ಮುಗಿಸಿದ್ದರು.

ಆದಿನಾರಾಯಣ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅದನ್ನು ಮೂರು ಸಲ ಓದಿದ. ಆಮೇಲೆ, ತಂತಿ ಸುತ್ತಿ ದಡ್ಡುಗಟ್ಟಿದ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದ.

“ನಮಸ್ಕಾರ ಸರ್. ದುರ್ಬೀನಿನಲ್ಲಿ ದೋಷವಿಲ್ಲ. ನೋಡಿದವಳು ನನ್ನ ಹೆಂಡತಿ, ಆಕೆ ಕಂಡದ್ದನ್ನೇ ಹೇಳಿದಳು. ತಪ್ಪು ಬರೆದುಕೊಂಡವನದು. ಪಟ್ಟಿಯನ್ನು ತೆಗೆದುಹಾಕಿ. ಅರುಂಧತಿಯ ಸಾಲೊಂದನ್ನು ಇಟ್ಟುಕೊಳ್ಳಿ, ನಾಲ್ಕು ಎನ್ನುವುದನ್ನು ಹೊಡೆದು ಎರಡು ಎಂದು ಬರೆದುಕೊಳ್ಳಿ. ಅದನ್ನು ಆಕೆ ಆಮೇಲೆ ಸರಿಯಾಗಿ ನೋಡಿದಳು. ನೋಡಿದವರು ಎಂಬಲ್ಲಿ ಶಿವಗಂಗಾ ಎಂದು ಹೆಸರು ಹಾಗೇ ಇರಲಿ.”